ಊರಾಚೆಯ ಬಡಾವಣೆ: ನಮ್ಮ ಮನೆಯ ಜಮಾ-ಖರ್ಚು

ಅರ್ಥಶಾಸ್ತ್ರದ ಮೊದಲ ಅಧ್ಯಾಯದಲ್ಲೇ 'ಅವಕಾಶ ವೆಚ್ಚ' ಬರುತ್ತದೆ. ಒಂದನ್ನು ಆರಿಸಿಕೊಂಡಾಗ ನಾವು ಕೈಬಿಟ್ಟ ಇನ್ನೊಂದರ ಬೆಲೆಗೆ ಆ ಹೆಸರು. ಪರೀಕ್ಷೆಗಾಗಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಉದಾಹರಣೆ ಕೇಳಿದರೆ ಜೋಳ, ಹತ್ತಿ ಎಂದು ಬರೆದು ಅಂಕ ತಗೊಳ್ಳುತ್ತೇವೆ. ನನಗೆ ಅದರ ಅರ್ಥ ಆದದ್ದು ಎರಡು ವರ್ಷದ ಹಿಂದೆ, ನಾವು ಜಮಖಂಡಿಯ ಹಳೆ ಊರಿನ ಓಣಿ ಬಿಟ್ಟು ಊರ ಹೊರಗಿನ ಬಡಾವಣೆಗೆ ಮನೆ ಬದಲಿಸಿದ ಮೇಲೆ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಈಗ 'ಪ್ಲಾಟ್ ತಗೊಳ್ಳೋಣ' ಎಂಬ ಮಾತು ನಡೆದಿರಬಹುದು. ಅದಕ್ಕಾಗಿ ಈ ಲೆಕ್ಕ ಬರೆದಿದ್ದೇನೆ.

ಬಡಾವಣೆ ಹುಟ್ಟುವ ಬಗೆ

ನಮ್ಮ ಭಾಗದಲ್ಲಿ ಜನ ಹಳೆ ಊರು ಬಿಡಲು ಕಾರಣ ಒಂದೇ ಅಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಬಂದಾಗ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಬಾಗಲಕೋಟೆಯವರಿಗಾಗಿ ನವನಗರವನ್ನೇ ಕಟ್ಟಲಾಯಿತು. ಅವರಿಗೆ ಆಯ್ಕೆ ಇರಲಿಲ್ಲ. ಮುಧೋಳದ ಕಡೆಯವರು 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹ ಕಂಡಿದ್ದಾರೆ, ಜಾಗ ನೋಡುವಾಗ ಮೊದಲು ಎತ್ತರ ನೋಡುತ್ತಾರೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಎಷ್ಟೋ ಮನೆಗಳಲ್ಲಿ ಮುಂದೆ ಮಗ್ಗ, ಹಿಂದೆ ಅಡುಗೆಮನೆ. ಅಣ್ಣ-ತಮ್ಮಂದಿರು ಬೇರೆಯಾದರೆ ಒಬ್ಬರು ಹೊರಗೆ ಹೋಗಲೇಬೇಕು. ನಮ್ಮದು ಸಾದಾ ಕಾರಣ. ಬಾಡಿಗೆ ಮನೆ ಸಾಕಾಗಿತ್ತು.

ಊರಾಚೆಯ ಖಾಸಗಿ ಬಡಾವಣೆ ಮೊದಲು ಹೊಲವಾಗಿರುತ್ತದೆ. ನಮ್ಮದು ಕಬ್ಬಿನ ಹೊಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಅನುಮತಿ ಬೇಕು. ಜನ ಇದನ್ನೇ 'ಎನ್.ಎ. ಆಗಿದೆಯಾ?' ಎಂದು ಕೇಳುತ್ತಾರೆ. ಆಮೇಲೆ ಬಡಾವಣೆಯ ನಕ್ಷೆಗೆ ಅನುಮೋದನೆ ಬೇಕು. ನಕ್ಷೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟಿರಬೇಕು. ಬಡಾವಣೆ ಮಾಡಿದವರು ರಸ್ತೆ, ಗಟಾರ, ನೀರು, ಬೀದಿದೀಪ ಎಲ್ಲ ಮುಗಿಸಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಬೇಕು. ಹಸ್ತಾಂತರ ಆಗುವವರೆಗೆ ಅವುಗಳ ಹೊಣೆ ಮಾಡಿದವರದೇ. ಈ ನಡುವಿನ ಕಾಲದಲ್ಲಿ ಮನೆ ಕಟ್ಟಿದವರ ಪಾಡು ಎರಡು ಬಾಗಿಲಿನ ನಡುವೆ ನಿಂತಂತೆ. ನಾವು ಈಗ ಅಲ್ಲೇ ನಿಂತಿದ್ದೇವೆ.

ಓಣಿಯಲ್ಲಿ ಇದ್ದದ್ದು, ಇಲ್ಲಿ ಸಿಕ್ಕಿದ್ದು

ಹಳೆ ಓಣಿಯ ಮನೆ ಎರಡು ಕೋಣೆಯದು. ಹಗಲಿನಲ್ಲೂ ಲೈಟ್ ಹಚ್ಚಬೇಕಿತ್ತು. ಆದರೆ ಬಾಗಿಲಿಗೆ ಬಂದರೆ ಕಿರಾಣಿ ಅಂಗಡಿ, ಎದುರಿಗೆ ಖಾಲಾ ಮನೆ, ಐದು ನಿಮಿಷ ನಡೆದರೆ ಸಂತೆ. ರಂಜಾನ್‌ನಲ್ಲಿ ಇಫ್ತಾರ್ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು.

ಬಡಾವಣೆಯಲ್ಲಿ ಗಾಳಿ ಇದೆ, ಬೆಳಕಿದೆ, ನನಗೆ ಓದಲು ಒಂದು ಮೂಲೆ ಇದೆ. ಬಲಗಡೆ ಒಬ್ಬರು ಶಿಕ್ಷಕರ ಮನೆ, ಎಡಗಡೆ ಬನಹಟ್ಟಿಯಿಂದ ಬಂದ ನೇಕಾರ ಕುಟುಂಬ. ಓಣಿಯಲ್ಲಿ ದಿನವೆಲ್ಲ ಉರ್ದು ಮಾತಾಡಿಕೊಂಡೇ ಇರಬಹುದಿತ್ತು, ಇಲ್ಲಿ ಅದು ನಡೆಯುವುದಿಲ್ಲ. ಶಿಕ್ಷಕರ ಮನೆಯ ಅಕ್ಕ ನನ್ನ ಒತ್ತಕ್ಷರಗಳನ್ನು ತಿದ್ದಿದ್ದರಿಂದಲೇ ಈ ಲೇಖನವನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂತು.

ಆದರೆ ದಾದಿಗೆ ಬೇಸರ. ಮೊಣಕಾಲು ನೋವು, ರಸ್ತೆ ಖಡಿ ಹಾಕಿದ್ದು, ಮಾತಾಡಲು ಯಾರೂ ಇಲ್ಲ. 'ಇದು ಲೇಔಟ್, ಮೊಹಲ್ಲಾ ಅಲ್ಲ' ಎನ್ನುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಮುಖ್ಯರಸ್ತೆ ದಾಟುವುದೇ ಕಷ್ಟ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಜೋರಾಗಿ ಹಾಡು ಹಚ್ಚಿ ಒಂದರ ಹಿಂದೆ ಒಂದು ಬರುತ್ತವೆ. ಸಂಜೆ ಕ್ಲಾಸ್ ಮುಗಿಸಿ ಟಂಟಂ ಇಳಿದರೆ ಮನೆಯವರೆಗೆ ಬೀದಿದೀಪ ಇಲ್ಲ. ಅಬ್ಬಾ ಬಂದು ನಿಂತಿರುತ್ತಾರೆ, ಅದಕ್ಕಾಗಿ ಅಂಗಡಿ ಅರ್ಧ ಗಂಟೆ ಬೇಗ ಮುಚ್ಚುತ್ತಾರೆ.

ಲೆಕ್ಕ ಬರೆದಾಗ

ಅಬ್ಬಾ ದಿನವೂ ಡೈರಿಯಲ್ಲಿ ಜಮಾ-ಖರ್ಚು ಬರೆಯುತ್ತಾರೆ. ಒಂದು ರಜೆಯಲ್ಲಿ ನಾನು ಆ ಡೈರಿ ಇಟ್ಟುಕೊಂಡು ಹೊಸ ಮನೆಯ ಮಾಸಿಕ ಲೆಕ್ಕ ತೆಗೆದೆ. ಸಾಲದ ಕಂತಿನಲ್ಲಿ ಅಸಲು ಖರ್ಚಲ್ಲ, ಅದರಿಂದ ಸಾಲ ಕಡಿಮೆಯಾಗುತ್ತದೆ. ಆದ್ದರಿಂದ ಬಡ್ಡಿಯನ್ನು ಮಾತ್ರ ಹಿಡಿದೆ.

ಉಳಿದ ಬಾಡಿಗೆ: ₹4,500
ಸಾಲದ ಬಡ್ಡಿ: ₹1,800
ಹೆಚ್ಚಿದ ಪೆಟ್ರೋಲ್: ₹1,300
ಟ್ಯಾಂಕರ್ ನೀರು: ₹600
ದಾದಿಯ ಆಸ್ಪತ್ರೆಗೆ, ರಾತ್ರಿ ಹೊತ್ತಿಗೆ ಆಟೋ: ₹500

ಉಳಿದ ಬಾಡಿಗೆಯಿಂದ ಖರ್ಚೆಲ್ಲ ಕಳೆದರೆ ತಿಂಗಳಿಗೆ ₹300 ಲಾಭ. ಅಬ್ಬಾಗೆ ಖುಷಿಯಾಯಿತು. ಅಮ್ಮಿ ಏನೂ ಹೇಳದೆ ಚಹಾ ಲೋಟ ತೆಗೆದುಕೊಂಡು ಒಳಗೆ ಹೋದರು.

ಆಗ ನನಗೆ ಹೊಳೆಯಿತು. ಓಣಿಯಲ್ಲಿ ಇದ್ದಾಗ ಅಮ್ಮಿ ಜಂಪರ್ ಹೊಲಿಯುತ್ತಿದ್ದರು, ಸೀರೆಗೆ ಫಾಲ್-ಪಿಕೊ ಮಾಡುತ್ತಿದ್ದರು. ಹೆಂಗಸರು ಸಂತೆಗೆ ಹೋಗುತ್ತಾ ಕೊಟ್ಟು, ಬರುತ್ತಾ ಒಯ್ಯುತ್ತಿದ್ದರು. ತಿಂಗಳಿಗೆ ಸುಮಾರು ₹3,600 ಬರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅದು ₹1,000ಕ್ಕೆ ಇಳಿದಿತ್ತು. ಒಂದು ಬ್ಲೌಸ್ ಕೊಡಲು ಮೂರು ಕಿಲೋಮೀಟರ್ ಯಾರು ಬರುತ್ತಾರೆ? ಅಂದರೆ ತಿಂಗಳಿಗೆ ₹2,600 ಹೋಗಿತ್ತು. ಅಮ್ಮಿಯ ದುಡ್ಡು ಡೈರಿಯಲ್ಲಿ ಎಂದೂ ಜಮಾ ಆಗಿರಲಿಲ್ಲ, ಅದು ನೇರವಾಗಿ ನಮ್ಮ ಫೀಸಿಗೆ, ದಾದಿಯ ಗುಳಿಗೆಗೆ ಹೋಗುತ್ತಿತ್ತು. ಜಮಾ ಆಗದ್ದು ನಿಂತುಹೋದರೂ ಡೈರಿಗೆ ಗೊತ್ತಾಗಲಿಲ್ಲ. ಅದನ್ನು ಸೇರಿಸಿದರೆ ₹300 ಲಾಭದ ಜಾಗದಲ್ಲಿ ₹2,300 ನಷ್ಟ.

ಲೆಕ್ಕಶಾಸ್ತ್ರದಲ್ಲಿ 'ಹಣದ ಮಾಪನ' ಎಂಬ ಪರಿಕಲ್ಪನೆ ಓದಿದ್ದೇವೆ: ಹಣದಲ್ಲಿ ಅಳೆಯಬಹುದಾದದ್ದನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಕು. ದಾದಿಯ ಒಂಟಿತನ, ನನ್ನ ಕತ್ತಲೆಯ ಹೆದರಿಕೆ ಪುಸ್ತಕಕ್ಕೆ ಬರುವುದಿಲ್ಲ, ಸರಿ. ಆದರೆ ಅಮ್ಮಿಯ ಗಳಿಕೆ ಹಣವೇ ಆಗಿತ್ತು. ಬರೆಯದೆ ಬಿಟ್ಟದ್ದು ನಾವು.

ತಿದ್ದಿದ ಹಾಳೆಯನ್ನು ಅಬ್ಬಾಗೆ ತೋರಿಸಲು ಎರಡು ದಿನ ಹಿಂಜರಿದೆ. ಅವರು ಹತ್ತು ವರ್ಷ ಉಳಿಸಿ ಕಟ್ಟಿದ ಮನೆ ಅದು. ಅವರು ಎರಡು ಸಲ ಓದಿದರು. 'ನೀನು ಮೊದಲೇ ಯಾಕೆ ಹೇಳಲಿಲ್ಲ?' ಎಂದು ಅಮ್ಮಿಯನ್ನು ಕೇಳಿದರು. ಅಮ್ಮಿ, 'ನೀವು ಮನೆ ಕಟ್ಟಿದ ಖುಷಿಯಲ್ಲಿ ಇದ್ದಿರಿ' ಎಂದರು.

ಈಗ ಅಮ್ಮಿಯ ಮಷಿನ್ ಖಾಲಾ ಮನೆಯ ಪಡಸಾಲೆಯಲ್ಲಿದೆ. ವಾರಕ್ಕೆ ಮೂರು ದಿನ ಹೋಗುತ್ತಾರೆ, ದಾದಿಯೂ ಜೊತೆಗೆ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿಗೆ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಬಸ್ಸು ಕಾಯುವ ಹೊತ್ತು ಮಾತ್ರ ಪುಕ್ಕಟೆಯಲ್ಲ. ಗಳಿಕೆ ₹2,800ಕ್ಕೆ ಬಂದಿದೆ. ನಷ್ಟ ತಿಂಗಳಿಗೆ ₹500ಕ್ಕೆ ಇಳಿದಿದೆ. ಸ್ವಂತ ಮನೆಗೆ ಅಷ್ಟು ಕೊಡಬಹುದು ಎಂದು ಎಲ್ಲರೂ ಒಪ್ಪಿದ್ದೇವೆ. ಡೈರಿಯಲ್ಲಿ ಈಗ ಅಮ್ಮಿಯ ಹೆಸರಿನಲ್ಲಿ ಒಂದು ಪುಟ ಇದೆ.

ಗಟಾರದ ಪಾಠ

ಎರಡನೇ ಪಾಠ ಮಳೆಗಾಲದ್ದು. ಗಟಾರ ಅರ್ಧಕ್ಕೆ ನಿಂತಿದೆ, ಮಳೆ ಬಂದರೆ ನೀರು ಬಾಗಿಲಿಗೆ ಬರುತ್ತದೆ. ಜೆಸಿಬಿ ತರಿಸಿ ಕಾಲುವೆ ತೋಡಿಸೋಣ ಎಂದು ಮನೆಗೆ ₹400ರಂತೆ ಕೂಡಿಸಲು ಹೊರಟರು. 26 ಮನೆಗಳಲ್ಲಿ ಕೊಟ್ಟದ್ದು 17. ಕಾಲುವೆ ತೋಡಿದ ಮೇಲೆ ನೀರು ಇಳಿದದ್ದು 26 ಮನೆಯವರ ಅಂಗಳದಿಂದಲೂ. ಸಾರ್ವಜನಿಕ ಸರಕಿನ ಗುಣ ಇದೇ: ದುಡ್ಡು ಕೊಡದವರನ್ನು ಹೊರಗಿಡಲು ಆಗುವುದಿಲ್ಲ. ಹಾಗೆ ಲಾಭ ಪಡೆಯುವವರೇ ಪುಸ್ತಕದ 'ಪುಕ್ಕಟೆ ಸವಾರರು'. ಇಂಥ ಕೆಲಸಕ್ಕೆ ವಂತಿಗೆ ಸಾಲದು, ತೆರಿಗೆ ಮತ್ತು ಸರ್ಕಾರ ಬೇಕು ಎಂಬುದು ಆ ದಿನ ತಿಳಿಯಿತು. ನವನಗರವನ್ನು ಸರ್ಕಾರವೇ ಸೆಕ್ಟರ್ ಮಾಡಿ ಕಟ್ಟಿತು. ನಮ್ಮಲ್ಲಿ ಮನೆ ಮೊದಲು ಬಂತು, ಗಟಾರ ಇನ್ನೂ ಬರಬೇಕು.

ಖಾಲಿ ಪ್ಲಾಟುಗಳದ್ದು ಇನ್ನೊಂದು ಕಥೆ. ಬೆಲೆ ಏರಲಿ ಎಂದು ಕೊಂಡು ಬಿಟ್ಟವರು ಬೇರೆ ಊರಲ್ಲಿದ್ದಾರೆ. ಪ್ಲಾಟಿನಲ್ಲಿ ಕಾಂಗ್ರೆಸ್ ಕಸ ಆಳೆತ್ತರ ಬೆಳೆದು ಹಾವು, ಹಂದಿ ಸೇರಿವೆ. ಲಾಭ ಅವರಿಗೆ, ತೊಂದರೆ ಪಕ್ಕದ ಮನೆಗೆ. ಇದು ಋಣಾತ್ಮಕ ಬಾಹ್ಯತೆ.

ಪ್ಲಾಟ್ ನೋಡುವ ಮೊದಲು

ನಿಮ್ಮ ಮನೆಯಲ್ಲಿ ಮಾತು ನಡೆದಾಗ ಇವುಗಳನ್ನು ಕೇಳಿ:

1. ಭೂ ಪರಿವರ್ತನೆ ಆದೇಶ ಮತ್ತು ಅನುಮೋದಿತ ನಕ್ಷೆ ಇದೆಯೇ? ನಕ್ಷೆಯಲ್ಲಿ ಉದ್ಯಾನ ಇರುವ ಜಾಗಕ್ಕೆ ಹೋಗಿ ನಿಂತು ನೋಡಿ.
2. ಪಟ್ಟಣದ ಮಿತಿಯಲ್ಲಿದ್ದರೆ ನಮೂನೆ 3ರ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಿದ್ದರೆ ನಮೂನೆ 9 ಮತ್ತು 11 ಸಿಗುತ್ತದೆಯೇ?
3. ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿದೆಯೇ?
4. ಮಳೆ ಬಂದ ಮರುದಿನ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಆ ಜಾಗ ನೋಡಿದ್ದೀರಾ?
5. ಮನೆಯಲ್ಲಿ ಹಗಲೆಲ್ಲ ಇರುವವರನ್ನು, ಅಂದರೆ ಅಮ್ಮಿ, ದಾದಿಯರನ್ನು ಕೇಳಿದ್ದೀರಾ?

ಮೊದಲ ಮೂರನ್ನು ಅಬ್ಬಾ ಕೇಳಿದ್ದರು. ಕೊನೆಯ ಎರಡನ್ನು ನಾವು ಯಾರೂ ಕೇಳಿರಲಿಲ್ಲ.

ಅಭ್ಯಾಸ: ನಿಮ್ಮ ಮನೆಯ ಒಂದು ತಿಂಗಳ ಜಮಾ-ಖರ್ಚು ಬರೆಯಿರಿ. ಯಾರ ಗಳಿಕೆ ಅಥವಾ ಯಾರ ಖರ್ಚು ಅದರಲ್ಲಿ ಬಿಟ್ಟುಹೋಗಿದೆ ಎಂದು ಅವರ ಎದುರಿಗೇ ಕುಳಿತು ಕೇಳಿ, ಸೇರಿಸಿ. ಆಮೇಲೆ ಮೊತ್ತ ಕೂಡಿಸಿ.