ಶಾಲೆಯಿಂದ ಮನೆಗೆ

ಶಾಲೆಯು ಊರಿನ ನಡುವೆಯೇ ಇದ್ದರೂ ಅದರೊಳಗಿನ ಬದುಕು ಊರಿನವರ ಕಣ್ಣಿಗೆ ಬೀಳುವುದು ಅಪರೂಪ. ಬೆಳಗಿನ ಪ್ರಾರ್ಥನೆ, ನಡುನಡುವೆ ಗಂಟೆಯ ಸದ್ದು, ಸಂಜೆ ಮನೆಗೆ ಓಡುವ ಮಕ್ಕಳ ಗದ್ದಲ - ಹೊರಗಿನವರಿಗೆ ತಿಳಿಯುವುದು ಇಷ್ಟೇ. ತಮ್ಮ ಮಗು ದಿನದ ಬಹುಭಾಗವನ್ನು ಹೇಗೆ ಕಳೆಯುತ್ತದೆ ಎಂಬುದನ್ನು ತಿಳಿಯುವ ಹಕ್ಕು ತಂದೆತಾಯಿಗಳಿಗೆ ಉಂಟು. ಅದನ್ನು ತಿಳಿಸುವ ಹೊಣೆ ಮುಖ್ಯೋಪಾಧ್ಯಾಯರದು. ಆಗಾಗ ಪಾಲಕರಿಗೆ ಒಪ್ಪಿಸುವ ಶಾಲೆಯ ವರದಿಯು ಈ ಹೊಣೆಯಿಂದ ಹುಟ್ಟಿದ್ದು.

ಕಲಬುರಗಿಯ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷವಾದ ಹಿನ್ನೆಲೆಯಿದೆ. 1948ರ ಸೆಪ್ಟೆಂಬರ್ ತಿಂಗಳವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. ಸರ್ಕಾರಿ ಪ್ರೌಢಶಾಲೆಗಳ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಗಣಿತವನ್ನೂ ಚರಿತ್ರೆಯನ್ನೂ ಬೇರೊಂದು ನುಡಿಯಲ್ಲಿ ಕಲಿಯಬೇಕಾಗಿತ್ತು. ಕನ್ನಡವನ್ನಷ್ಟೇ ಓದಬಲ್ಲ ತಂದೆಗೆ ಮಗನ ಪುಸ್ತಕವೂ ಶಾಲೆಯ ಕಾಗದವೂ ಮುಚ್ಚಿದ ಬಾಗಿಲಿನಂತೆ ಇದ್ದವು. ಇಂಥ ಕಾಲದಲ್ಲಿಯೂ ಊರಿನವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕಲಬುರಗಿ ನಗರದಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಆರಂಭವಾಯಿತು. ಪೂಜ್ಯ ದೊಡ್ಡಪ್ಪ ಅಪ್ಪನವರು 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿ, ಹೆಣ್ಣುಮಕ್ಕಳ ಓದಿಗೂ ದಾರಿ ಮಾಡಿದರು. 1956ರ ನವೆಂಬರ್ 1ರಂದು ಈ ಭಾಗವು ಮೈಸೂರು ರಾಜ್ಯದೊಡನೆ ಒಂದಾಯಿತು. ಮನೆಯ ನುಡಿಗೂ ಶಾಲೆಯ ನುಡಿಗೂ ಇದ್ದ ಅಂತರವು ಕನ್ನಡದ ಮಕ್ಕಳಿಗೆ ಕ್ರಮೇಣ ಅಳಿಯಿತು.

ಆದರೆ ನುಡಿ ಒಂದಾದ ಮಾತ್ರಕ್ಕೆ ಶಾಲೆಯ ಮಾತು ಮನೆಗೆ ಮುಟ್ಟಿತೆಂದು ಹೇಳಲಾಗದು. 2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 65 ಮಂದಿ. ಹೆಂಗಸರಲ್ಲಿ ಸುಮಾರು 55 ಮಂದಿ ಮಾತ್ರ. ಎಂದರೆ, ಶಾಲೆಯಿಂದ ಬಂದ ಕನ್ನಡದ ಕಾಗದವನ್ನೂ ಓದಲಾರದ ತಾಯಂದಿರು ಅನೇಕರಿದ್ದರು. ಅಂಥ ಮನೆಯಲ್ಲಿ ಕಾಗದವನ್ನು ಓದಿ ಹೇಳುವವನು ಅದೇ ವಿದ್ಯಾರ್ಥಿ. ತನ್ನ ಗೈರುಹಾಜರಿಯ ಸಂಗತಿಯನ್ನು ತಾನೇ ಓದಿ ಹೇಳಬೇಕಾದ ಹುಡುಗನು ಒಂದೆರಡು ಸಾಲುಗಳನ್ನು ನುಂಗಿಕೊಂಡರೆ ಆಶ್ಚರ್ಯವೇನು? ಆದುದರಿಂದ ಈ ನಾಡಿನಲ್ಲಿ ವರದಿಯು ಬರೆಹವಾದರೆ ಸಾಲದು; ಎದುರುಬದುರು ಕುಳಿತು ಆಡುವ ಮಾತೂ ಆಗಬೇಕು.

ಕಲಬುರಗಿಯಿಂದ ಬೀದರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ಇಂದು ತಾಲೂಕು ಕೇಂದ್ರವೂ ಆಗಿದೆ. ಸುತ್ತಲಿನ ಹೊಲಗಳಲ್ಲಿ ತೊಗರಿಯೇ ಮುಖ್ಯ ಬೆಳೆ. ಇಂಥ ಊರಿನ ಪ್ರೌಢಶಾಲೆಯಲ್ಲಿ ಪಾಲಕರ ಸಭೆ ಸೇರಿತೆನ್ನೋಣ. ಮುಖ್ಯೋಪಾಧ್ಯಾಯರು ಮೊದಲು ಪರೀಕ್ಷೆಯ ಫಲಿತಾಂಶವನ್ನು ತಿಳಿಸುತ್ತಾರೆ. ಬಳಿಕ ಆಟೋಟಗಳನ್ನೂ ಪ್ರಯೋಗಾಲಯವನ್ನೂ ಮಧ್ಯಾಹ್ನದ ಊಟವನ್ನೂ ಕುರಿತು ಹೇಳುತ್ತಾರೆ. ಈ ಊಟದ ಯೋಜನೆಯು 2002ರಲ್ಲಿ ಆರಂಭವಾದಾಗ ಕಲಬುರಗಿಯೂ ಸೇರಿದಂತೆ ಏಳು ಜಿಲ್ಲೆಗಳ ಕಿರಿಯ ಮಕ್ಕಳಿಗೆ ಮಾತ್ರ ದೊರೆಯುತ್ತಿತ್ತು; 2007ರಲ್ಲಿ ಪ್ರೌಢಶಾಲೆಗಳಿಗೂ ವಿಸ್ತರಿಸಿತು. ಕೊನೆಗೆ ಅವರು ಹಾಜರಿ ಪುಸ್ತಕವನ್ನು ತೆರೆಯುತ್ತಾರೆ. ಡಿಸೆಂಬರ್, ಜನವರಿಗಳಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತುಗಳಿವೆ. ಪುಸ್ತಕವು ಇಷ್ಟನ್ನೇ ಬಲ್ಲದು. ಕಾರಣವನ್ನು ಬಲ್ಲವಳು ಹಿಂದಿನ ಸಾಲಿನಲ್ಲಿ ಕುಳಿತ ತಾಯಿ.

“ತೊಗರಿ ರಾಶಿ ನಡದಿತ್ರಿ ಸರ. ಸಣ್ಣ ಕೂಸಿನ ನೋಡ್ಲಿಕ್ಕ ಮನ್ಯಾಗ ಯಾರೂ ಇಲ್ರಿ” ಎಂದು ಅವಳು ಹೇಳಿದೊಡನೆ ವರದಿಯ ಅರ್ಥವೇ ಬದಲಾಗುತ್ತದೆ. ಅದುವರೆಗೆ ಉದಾಸೀನವೆಂದು ತೋರಿದ್ದು ಈಗ ಸಂಸಾರದ ಕಷ್ಟವಾಗಿ ಕಾಣುತ್ತದೆ. ಕೂಸನ್ನು ಅಂಗನವಾಡಿಗೆ ಬಿಡಬಹುದೇ, ತಪ್ಪಿದ ಪಾಠಗಳನ್ನು ಸಂಜೆ ಹೇಳಿಕೊಡಬಹುದೇ ಎಂಬ ವಿಚಾರ ಆಗ ಹುಟ್ಟುತ್ತದೆ. ತಾಯಿಗೂ ಒಂದು ಸಂಗತಿ ಹೊಸದಾಗಿ ತಿಳಿಯುತ್ತದೆ: ತನ್ನ ಮಗಳು ಗಣಿತದಲ್ಲಿ ಜಾಣೆ, ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆ, ಈಗ ಕಳೆದುಹೋದ ದಿನಗಳು ಆಗ ಭಾರವಾಗುವವು. ಇಬ್ಬರ ಬಳಿಯಲ್ಲಿಯೂ ಅರ್ಧರ್ಧ ಸತ್ಯವಿತ್ತು. ಕೂಡಿದಾಗ ಅದು ಪೂರ್ಣವಾಯಿತು.

ಇಂಥ ಭೇಟಿಗೆ ಶಾಸನದ ಆಧಾರವೂ ಇದೆ. ಕರ್ನಾಟಕ ಸರ್ಕಾರವು 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲು ಆದೇಶಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಸಂಬಂಧಿಸಿದ್ದು. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೋ ಪೋಷಕರೋ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಅದು ವಿಧಿಸಿದೆ. ಮಕ್ಕಳ ಪ್ರಗತಿಯನ್ನು ಪಾಲಕರ ಮುಂದಿಡಲೆಂದೇ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವನ್ನು ರಾಜ್ಯದ ಶಾಲೆಗಳಲ್ಲಿ ನಡೆಸಲಾಗಿದೆ. ಆದರೆ ಕಾನೂನು ಕುರ್ಚಿಯನ್ನು ಹಾಕಬಲ್ಲದೇ ಹೊರತು ಅದರಲ್ಲಿ ಕುಳಿತವರಿಂದ ಮಾತಾಡಿಸಲಾರದು. ಕೂಲಿಯ ದಿನವನ್ನು ಬಿಟ್ಟು ಬಂದ ತಾಯಿಯನ್ನು ಗೌರವದಿಂದ ಕೂರಿಸಿ, ಅವಳ ಮಾತಿಗೆ ಕಿವಿಗೊಡುವುದು ಗುರುವಿನ ಕೆಲಸ.

ಒಳ್ಳೆಯ ವರದಿಯು ಹೊಗಳಿಕೆಯ ಪಟ್ಟಿಯಲ್ಲ, ದೂರಿನ ಪಟ್ಟಿಯೂ ಅಲ್ಲ. ಶಾಲೆಯು ತನ್ನ ಸಾಧನೆಯೊಡನೆ ಕೊರತೆಯನ್ನೂ ಮುಚ್ಚಿಡದೆ ಹೇಳಿದರೆ, ಮನೆಯೂ ತನ್ನ ಕಷ್ಟವನ್ನು ಸಂಕೋಚವಿಲ್ಲದೆ ಹೇಳೀತು. ಹಿಂದೆ ಅರಿಯದ ನುಡಿಯೊಂದು ಶಾಲೆಯನ್ನೂ ಮನೆಯನ್ನೂ ಬೇರ್ಪಡಿಸಿತ್ತು. ಇಂದು ನುಡಿ ಒಂದೇ. ಇನ್ನು ಅವನ್ನು ಬೇರ್ಪಡಿಸಬಹುದಾದುದು ಮೌನವೊಂದೇ. ಅದನ್ನು ಮುರಿಯುವಲ್ಲಿ ವಿದ್ಯಾರ್ಥಿಯದೂ ಒಂದು ಪಾಲಿದೆ: ಶಾಲೆಯ ಕಾಗದವನ್ನು ಮನೆಯಲ್ಲಿ ಒಂದು ಸಾಲೂ ಬಿಡದೆ ಓದಿ ಹೇಳುವುದು.

ಅಭ್ಯಾಸ

1. ನಿಜಾಮರ ಆಡಳಿತದಲ್ಲಿ ಕನ್ನಡದ ಮನೆಗೂ ಶಾಲೆಗೂ ಅಂತರ ಉಂಟಾಗಲು ಕಾರಣವೇನು?
2. “ಇಬ್ಬರ ಬಳಿಯಲ್ಲಿಯೂ ಅರ್ಧರ್ಧ ಸತ್ಯವಿತ್ತು” - ಈ ಮಾತಿನ ಸಂದರ್ಭವನ್ನು ವಿವರಿಸಿ.
3. ನಿಮ್ಮ ಶಾಲೆಯ ಈ ತಿಂಗಳ ಬದುಕನ್ನು ಕುರಿತು ಪಾಲಕರಿಗೆ ಹತ್ತು ವಾಕ್ಯಗಳ ವರದಿಯನ್ನು ಬರೆದು, ಮನೆಯ ಹಿರಿಯರಿಗೆ ಓದಿ ಹೇಳಿ.