ನಾಣ್ಯ ಎಷ್ಟು ಮೇಲೆದ್ದಿತು? ಅಳೆದೇ ನೋಡಿ

ಬಟ್ಟಲಿನ ತಳದಲ್ಲಿರುವ ನಾಣ್ಯ ನೀರು ಸುರಿದೊಡನೆ ಮೇಲೆದ್ದಂತೆ ಕಾಣುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಎಷ್ಟು ಮೇಲೆದ್ದಿತು ಎಂದು ಅಳೆಯುವವರು ಕಡಿಮೆ. ಅಳೆದರೆ, ನೀರಿನೊಳಗೆ ಬೆಳಕಿನ ವೇಗ ಎಷ್ಟು ತಗ್ಗುತ್ತದೆ ಎಂಬುದೂ ಗೊತ್ತಾಗುತ್ತದೆ.

ನೆಟ್ಟಗಿರುವ, ಎತ್ತರದ ಗಾಜಿನ ಜಾಡಿ, ಒಂದೇ ಬಗೆಯ ಎರಡು ನಾಣ್ಯ, ಸ್ಕೇಲು, ಒಂದಿಷ್ಟು ತೆಳುವಾದ ನೋಟ್‌ಬುಕ್‌ಗಳಿದ್ದರೆ ಸಾಕು.

ಒಂದು ನಾಣ್ಯವನ್ನು ಜಾಡಿಯ ತಳದಲ್ಲಿ, ಗೋಡೆಗೆ ತಾಗುವಂತೆ ಇಟ್ಟು, ಅದರ ಮೇಲೆ 12 ಸೆಂ.ಮೀ. ನೀರು ನಿಲ್ಲುವಂತೆ ತುಂಬಿಸಿ. ಅದೇ ಜಾಗಕ್ಕೆ ಹೊರಗಡೆ ಪುಸ್ತಕಗಳನ್ನು ಪೇರಿಸಿ, ಎರಡನೆಯ ನಾಣ್ಯವನ್ನು ಅದರ ಮೇಲಿಡಿ. ಈಗ ಒಂದು ಕಣ್ಣು ಮುಚ್ಚಿ, ನೇರ ಮೇಲಿನಿಂದ ಎರಡೂ ನಾಣ್ಯಗಳನ್ನು ಒಟ್ಟಿಗೆ ನೋಡುತ್ತ ತಲೆಯನ್ನು ತುಸು ಅತ್ತಿತ್ತ ಸರಿಸಿ. ಹೊರಗಿನ ನಾಣ್ಯ ನಿಮ್ಮ ತಲೆ ಹೋದ ಕಡೆಗೇ ಸರಿದಂತೆ ಕಂಡರೆ ಅದು ಇನ್ನೂ ಕೆಳಗಿದೆ ಎಂದರ್ಥ, ಪುಸ್ತಕ ಸೇರಿಸಿ. ಎದುರು ದಿಕ್ಕಿಗೆ ಸರಿದರೆ ಒಂದನ್ನು ತೆಗೆಯಿರಿ. ಎರಡೂ ಜೊತೆಜೊತೆಯಾಗಿ ಸರಿದಾಗ ನಿಲ್ಲಿಸಿ. ಇಲ್ಲಿ ಅವಸರ ಮಾಡಿದರೆ ಲೆಕ್ಕ ಕೆಡುತ್ತದೆ. ಓರೆಯಾಗಿ ನೋಡಿದರೂ ಅಷ್ಟೇ, ಆಳ ಇನ್ನೂ ಕಡಿಮೆ ಕಾಣುತ್ತದೆ. ಕೆರೆಯ ದಡದಲ್ಲಿ ನಿಂತವರು ಆಳವನ್ನು ತಪ್ಪಾಗಿ ಅಂದಾಜಿಸುವುದು ಹೀಗೆಯೇ: 6 ಅಡಿ ನೀರು ನೇರವಾಗಿ ಬಗ್ಗಿ ನೋಡಿದರೂ ನಾಲ್ಕೂವರೆ ಅಡಿಯಂತೆ ಕಾಣುತ್ತದೆ.

ಎರಡೂ ಅಳತೆಗಳನ್ನು ನೀರಿನ ಮಟ್ಟದಿಂದಲೇ ಕೆಳಕ್ಕೆ ತೆಗೆಯಿರಿ. ಆಗ ಗಾಜಿನ ತಳದ ದಪ್ಪ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ಒಳಗಿನ ನಾಣ್ಯಕ್ಕೆ 12, ಹೊರಗಿನದಕ್ಕೆ ಸುಮಾರು 9 ಸೆಂ.ಮೀ. ಬರಬೇಕು. 12ನ್ನು 9ರಿಂದ ಭಾಗಿಸಿದರೆ 1.33. ಇದು ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ನೀರಿನಲ್ಲಿ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವ ಬೆಳಕು ನೀರಿನಲ್ಲಿ 2.25 ಲಕ್ಷಕ್ಕೆ ಇಳಿಯುತ್ತದೆ. ಓರೆಯಾಗಿ ಬಂದ ಕಿರಣ ನೀರಿನಿಂದ ಗಾಳಿಗೆ ದಾಟುವಾಗ ಬಾಗುವುದು ಈ ವೇಗದ ವ್ಯತ್ಯಾಸದಿಂದಲೇ. ಬಾಗುವ ಕೋನದ ನಿಯಮವನ್ನು ಡಚ್ ಗಣಿತಜ್ಞ ಸ್ನೆಲ್ 1621ರಲ್ಲಿ ಕಂಡುಕೊಂಡ; ಅವನಿಗಿಂತ ಆರು ಶತಮಾನ ಮೊದಲೇ ಬಾಗ್ದಾದಿನ ಇಬ್ನ್ ಸಹ್ಲ್ ಅದನ್ನು ಬಳಸಿದ್ದ.

ನೀರಿನ ಬದಲು ಅಡುಗೆ ಎಣ್ಣೆ ಹಾಕಿ ನೋಡಿ. ಸೂಚ್ಯಂಕ ಸುಮಾರು 1.47, ನಾಣ್ಯ 8.2 ಸೆಂ.ಮೀ. ಆಳದಲ್ಲೇ ಇದ್ದಂತೆ ಕಾಣುತ್ತದೆ. ಎಣ್ಣೆ ನೀರಿಗಿಂತ ಹಗುರ, ಆದರೂ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಬಾಗುವಿಕೆಯನ್ನು ತೂಕದಿಂದ ಊಹಿಸಲಾಗದು.

ಸಕ್ಕರೆ ಪಾಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ತೂಕದಲ್ಲಿ ಸಮಪಾಲು ಸಕ್ಕರೆ, ನೀರು ಬೆರೆಸಿ ಆರಿಸಿದ ಪಾಕದ ಸೂಚ್ಯಂಕ 1.42. ಸಕ್ಕರೆ ಹೆಚ್ಚಿದಂತೆ ಇದೂ ಏರುತ್ತದೆ. ದ್ರಾಕ್ಷಿ ಬೆಳೆಗಾರರು, ಸಕ್ಕರೆ ಕಾರ್ಖಾನೆಯವರು ಒಂದು ಹನಿ ರಸವನ್ನು ಸೂಚ್ಯಂಕ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ಬ್ರಿಕ್ಸ್, ಅಂದರೆ ಸಕ್ಕರೆಯ ಪ್ರಮಾಣ, ಓದುವುದು ಈ ಏರಿಕೆಯನ್ನೇ ನೆಚ್ಚಿಕೊಂಡು.