ಪದವಿ ತರಗತಿಯ ಇಂಗ್ಲಿಷ್: ಮಾತಿನಿಂದಲ್ಲ, ಓದಿನಿಂದ ಶುರುಮಾಡಿ

ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಕನ್ನಡ, ಮರಾಠಿ ಇಲ್ಲವೇ ಉರ್ದು ಮಾಧ್ಯಮದಲ್ಲಿ ಓದಿ ಬೀದರಿನ ಕಾಲೇಜಿಗೋ ಹಾಲಹಳ್ಳಿಯ ಬೀದರ್ ವಿಶ್ವವಿದ್ಯಾಲಯಕ್ಕೋ ಸೇರುವ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರಿನಲ್ಲೇ ಒಂದು ತೊಡಕು ಎದುರಾಗುತ್ತದೆ. ಪಾಠ ತಲೆಗೆ ಹೋಗಿರುತ್ತದೆ, ಗೆಳೆಯನಿಗೆ ಕನ್ನಡದಲ್ಲಿ ಬಿಡಿಸಿ ಹೇಳಲೂ ಬರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಪೆನ್ನು ಓಡುವುದಿಲ್ಲ. ಆಗ ಸಾಮಾನ್ಯವಾಗಿ ಸಿಗುವ ಸಲಹೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು ಎನ್ನುವುದು. ಸಂದರ್ಶನಕ್ಕೆ, ಅಂಗಡಿ ವ್ಯವಹಾರಕ್ಕೆ, ಊರೂರು ತಿರುಗುವ ಕೆಲಸಕ್ಕೆ ಆ ತರಗತಿ ಉಪಯೋಗಕ್ಕೆ ಬಂದೀತು. ಆದರೆ ಪಠ್ಯಪುಸ್ತಕ, ಸಂಶೋಧನಾ ಲೇಖನ, ಪ್ರಬಂಧಗಳ ಇಂಗ್ಲಿಷ್ ಬೇರೆಯೇ ಒಂದು ವಿದ್ಯೆ. ಅದು ಮಾತಿನಿಂದ ಬರುವುದಿಲ್ಲ, ತನ್ನ ವಿಷಯದ ಓದಿನಿಂದ ಬರುತ್ತದೆ. ಅದನ್ನು ಹುಟ್ಟಿನಿಂದ ಪಡೆದವರು ಯಾರೂ ಇಲ್ಲವಾದ್ದರಿಂದ ಹಳ್ಳಿಯಿಂದ ಬಂದವರು ಕೀಳರಿಮೆ ಪಡಬೇಕಾದ ಕಾರಣವೂ ಇಲ್ಲ.

ಇದು ಸಮಾಧಾನದ ಮಾತಲ್ಲ, ಇದಕ್ಕೆ ಆಧಾರವಿದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ವಲಸೆ ಬಂದ ಕುಟುಂಬಗಳ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ, ಆಡುಮಾತಿನ ಇಂಗ್ಲಿಷ್ ಸುಮಾರು ಎರಡು ವರ್ಷಕ್ಕೆ ಬಂದರೂ ಓದು ಬರಹದ ಇಂಗ್ಲಿಷಿನಲ್ಲಿ ಉಳಿದವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂದು ತೋರಿಸಿದರು. ಎರಡನ್ನೂ ಬೇರೆ ಬೇರೆ ಸಾಮರ್ಥ್ಯಗಳೆಂದು ಅವರು 1979ರಲ್ಲೇ ಗುರುತಿಸಿದ್ದರು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 28 ವಿಷಯಗಳ 35 ಲಕ್ಷ ಪದಗಳಷ್ಟು ಬರಹವನ್ನು ಜಾಲಾಡಿ, ಎಲ್ಲ ವಿಷಯಗಳಿಗೂ ಬೇಕಾಗುವ 570 ಪದಕುಟುಂಬಗಳ ಪಟ್ಟಿಯನ್ನು 2000ದಲ್ಲಿ ಪ್ರಕಟಿಸಿದರು. ವಿದ್ವತ್ ಬರಹದಲ್ಲಿ ಹತ್ತಕ್ಕೆ ಒಂದು ಪದ ಈ ಪಟ್ಟಿಯದು. ಕಥೆ ಕಾದಂಬರಿಗಳಲ್ಲಿ ಅದೇ ಪದಗಳ ಪಾಲು ಶೇ 1.4 ಮಾತ್ರ. ಹಾಗಿರುವಾಗ ಸಿನಿಮಾ ನೋಡಿ, ಕಾದಂಬರಿ ಓದಿ, ಗೆಳೆಯರೊಂದಿಗೆ ಮಾತಾಡಿ ಈ ಪದಗಳು ಬರಲಿಲ್ಲವೆಂದರೆ ತಪ್ಪು ವಿದ್ಯಾರ್ಥಿಯದಲ್ಲ, ಅವು ಅಲ್ಲಿ ಸಿಗುವುದೇ ಅಪರೂಪ. ಇಂಗ್ಲಿಷ್ ಮನೆಮಾತಾಗಿರುವ ಅಮೆರಿಕದ ವಿಶ್ವವಿದ್ಯಾಲಯಗಳೂ 19ನೆಯ ಶತಮಾನದ ಕೊನೆಯಿಂದ ಮೊದಲ ವರ್ಷದವರಿಗೆ ಬರವಣಿಗೆಯನ್ನು ಪ್ರತ್ಯೇಕ ಪಾಠವಾಗಿ ಕಲಿಸುತ್ತ ಬಂದಿವೆ. ಅಷ್ಟು ದೂರ ಹೋಗುವುದೂ ಬೇಡ. ಬೀದರಿನಲ್ಲಿ 1472ರ ಹೊತ್ತಿಗೆ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನಿನಿಂದ ಬಂದವನು. ಫಾರ್ಸಿಯಲ್ಲಿ ಪತ್ರ ಮತ್ತು ಗದ್ಯ ಬರೆಯುವ ಕ್ರಮವನ್ನು ಕಲಿಸುವುದಕ್ಕೇ ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥ ಬರೆದ. ಫಾರ್ಸಿ ಬಲ್ಲವರೂ ಬರವಣಿಗೆಯನ್ನು ಬೇರೆಯಾಗಿ ಕಲಿಯಬೇಕಾಗಿತ್ತು.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ಮೊದಲ ಹೆಜ್ಜೆ, ವಿಷಯವನ್ನು ನಿಮ್ಮ ಭಾಷೆಯಲ್ಲಿ ಗಟ್ಟಿಮಾಡಿಕೊಳ್ಳುವುದು. ಇಂಗ್ಲಿಷ್ ಕಲಿಯಲು ಕನ್ನಡವನ್ನು ಮರೆಯಬೇಕು, ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂಬ ಉಪದೇಶವನ್ನು ಪಕ್ಕಕ್ಕಿಡಿ. ಅರ್ಥವಾಗದ ವಿಷಯವನ್ನು ಅರ್ಥವಾಗದ ಭಾಷೆಯಲ್ಲಿ ಓದಿದರೆ ಉಳಿಯುವುದು ಬಾಯಿಪಾಠ ಮಾತ್ರ, ಗೈಡ್‌ಗಳು ಖರ್ಚಾಗುವುದೂ ಇದರಿಂದಲೇ. ಅಧ್ಯಾಯದ ಸಾರವನ್ನು ಐದಾರು ಸಾಲುಗಳಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು ಆಮೇಲೆ ಇಂಗ್ಲಿಷ್ ಪುಸ್ತಕ ತೆರೆಯಿರಿ. ಏನು ಹೇಳುತ್ತಿದ್ದಾರೆಂಬುದು ಮೊದಲೇ ಗೊತ್ತಿರುವುದರಿಂದ ಹೇಗೆ ಹೇಳುತ್ತಿದ್ದಾರೆಂಬುದರ ಕಡೆಗೆ ಗಮನ ಹೋಗುತ್ತದೆ.

ಎರಡನೆಯದು, ಓದಲು ಸರಿಯಾದ ಬರಹ ಆರಿಸಿಕೊಳ್ಳುವುದು. ಪತ್ರಿಕೆಯ ಸಂಪಾದಕೀಯ ಓದಿ ಎಂದು ಎಲ್ಲರೂ ಹೇಳುತ್ತಾರೆ. ಸಾಮಾನ್ಯ ಜ್ಞಾನಕ್ಕೆ ಅದು ಒಳ್ಳೆಯದೇ. ಆದರೆ ಪಶುವೈದ್ಯಕೀಯ ಓದುವವರಿಗೆ ದೇವಣಿ ದನದ ಕುರಿತ ಲೇಖನ ಬೇಕು, ಇತಿಹಾಸ ಓದುವವರಿಗೆ ಬಹಮನಿ ಕಾಲದ ಕುರಿತದ್ದು ಬೇಕು. ಇದಕ್ಕೆ ಹಣ ಖರ್ಚಾಗುವುದಿಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳನ್ನು ಶೋಧಗಂಗಾ ತಾಣದಲ್ಲಿ ಉಚಿತವಾಗಿ ಓದಬಹುದು, ಗುಲಬರ್ಗಾ ವಿಶ್ವವಿದ್ಯಾಲಯದವೂ ಅಲ್ಲಿವೆ. ನಮ್ಮದೇ ಸೀಮೆಯ ಬೆಳೆ, ಕೆರೆ, ಕೋಟೆ, ಸಹಕಾರ ಸಂಘಗಳ ಮೇಲೆ ಬರೆದ ಪ್ರಬಂಧ ಸಿಕ್ಕರೆ ಮೊದಲು ಅದನ್ನೇ ಹಿಡಿಯಿರಿ, ಊರು ಗೊತ್ತಿರುವುದರಿಂದ ಅರ್ಧ ಅರ್ಥ ತಾನಾಗಿ ಆಗುತ್ತದೆ. ಎಲ್ಲ ಪ್ರಬಂಧಗಳ ಇಂಗ್ಲಿಷೂ ಒಂದೇ ಮಟ್ಟದ್ದಲ್ಲ, ಆದ್ದರಿಂದ ಯಾವುದು ಮಾದರಿಗೆ ತಕ್ಕದ್ದು ಎಂದು ನಿಮ್ಮ ವಿಭಾಗದ ಅಧ್ಯಾಪಕರನ್ನು ಕೇಳಿ. ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದಬೇಕಿಲ್ಲ. ಶೀರ್ಷಿಕೆ, ಸಾರಾಂಶ, ತೀರ್ಮಾನ ನೋಡಿ, ಕೋಷ್ಟಕ ಮತ್ತು ಚಿತ್ರಗಳ ಕಡೆ ಹೋಗಿ, ಆಮೇಲೆ ಉಳಿದದ್ದು. ಹತ್ತು ಲೇಖನಗಳನ್ನು ಒಮ್ಮೊಮ್ಮೆ ಓದುವುದಕ್ಕಿಂತ ಒಂದನ್ನೇ ಮೂರು ಸಲ ಓದುವುದು ಶುರುವಿನಲ್ಲಿ ಹೆಚ್ಚು ಕಲಿಸುತ್ತದೆ.

ಓದುವಾಗ ಕನ್ನಡಿಗರು ಹೆಚ್ಚು ಎಡವುವುದು ಪದಗಳಲ್ಲಿ ಅಲ್ಲ, ವಾಕ್ಯದ ಕಟ್ಟಡದಲ್ಲಿ. ಈ ವಾಕ್ಯ ನೋಡಿ: ‘ದ ಮಿಲ್ಕ್ ಯೀಲ್ಡ್ ಆಫ್ ದೇವಣಿ ಕೌಸ್ ರೇರ್ಡ್ ಬೈ ಸ್ಮಾಲ್ ಫಾರ್ಮರ್ಸ್ ಇನ್ ಔರಾದ್ ತಾಲ್ಲೂಕ್ ವಾಸ್ ರೆಕಾರ್ಡೆಡ್ ಫಾರ್ ಥ್ರೀ ಮಂತ್ಸ್.’ ಇದರ ಬೆನ್ನೆಲುಬು ‘ಮಿಲ್ಕ್ ಯೀಲ್ಡ್ ವಾಸ್ ರೆಕಾರ್ಡೆಡ್’ ಎಂಬಷ್ಟೇ. ನಡುವೆ ಇರುವುದೆಲ್ಲ ಯಾರ ಹಾಲು, ಎಲ್ಲಿಯದು ಎಂಬ ವಿವರ. ಕನ್ನಡದಲ್ಲಿ ಔರಾದ್ ತಾಲ್ಲೂಕಿನ ಸಣ್ಣ ರೈತರು ಸಾಕಿದ ದೇವಣಿ ಹಸುಗಳ ಹಾಲಿನ ಇಳುವರಿ ಎಂದು ವಿವರಗಳೆಲ್ಲ ಮೊದಲು ಬಂದು ಮುಖ್ಯ ಪದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ತಿರುವುಮುರುವು: ಮುಖ್ಯ ಪದ ಮೊದಲು, ವಿವರಗಳು ಹಿಂದೆ. ಹೀಗಾಗಿ ಸಾಲನ್ನು ನೇರವಾಗಿ ಓದಿಕೊಂಡು ಹೋದವರಿಗೆ ರೆಕಾರ್ಡ್ ಆದದ್ದು ತಾಲ್ಲೂಕೋ ರೈತರೋ ಎಂಬ ಗೊಂದಲವಾಗುತ್ತದೆ. ಉದ್ದ ವಾಕ್ಯ ಬಂದಾಗಲೆಲ್ಲ ಮುಖ್ಯ ಕ್ರಿಯಾಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಅದರ ಕರ್ತೃ ಅಥವಾ ಕರ್ಮವನ್ನು ಹುಡುಕಿ ಅದಕ್ಕೂ ಗೆರೆ ಎಳೆಯಿರಿ, ನಡುವಿನದನ್ನು ಆವರಣದೊಳಗೆ ಹಾಕಿ. ದಿನಕ್ಕೆ ಐದು ವಾಕ್ಯಕ್ಕೆ ಹೀಗೆ ಮಾಡಿದರೆ ಸಾಕು. ಇದೇ ವಾಕ್ಯದಲ್ಲಿ ಇನ್ನೂ ಎರಡು ಸಂಗತಿಗಳಿವೆ. ದಾಖಲಿಸಿದವರು ಯಾರೆಂದು ಹೇಳಿಲ್ಲ, ಏಕೆಂದರೆ ಅಧ್ಯಯನದ ವಿಧಾನ ಹೇಳುವ ಭಾಗದಲ್ಲಿ ಕೆಲಸ ಮುಖ್ಯ, ಮಾಡಿದವರಲ್ಲ. ಕ್ರಿಯಾಪದ ಭೂತಕಾಲದಲ್ಲಿದೆ, ಏಕೆಂದರೆ ಆ ಕೆಲಸ ಮುಗಿದಿದೆ. ಸಾರ್ವತ್ರಿಕ ಸತ್ಯ ಹೇಳುವಾಗ ವರ್ತಮಾನಕಾಲ ಬರುತ್ತದೆ. ವ್ಯಾಕರಣ ಪುಸ್ತಕವನ್ನು ಮೊದಲ ಅಧ್ಯಾಯದಿಂದ ಹಿಡಿದವರಿಗಿಂತ ಹೀಗೆ ತನ್ನ ವಿಷಯದ ವಾಕ್ಯದಲ್ಲೇ ವ್ಯಾಕರಣ ಕಂಡವರಿಗೆ ಅದು ಬೇಗ ಕೈಗೆ ಹತ್ತುತ್ತದೆ.

ಪದಗಳ ವಿಚಾರ ಚಿಕ್ಕದು. ಕಾಕ್ಸ್‌ಹೆಡ್ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ, ವಾರಕ್ಕೆ ಹತ್ತು ಕುಟುಂಬದಂತೆ ಕಲಿತರೆ ವರ್ಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಪದಕ್ಕೊಂದು ಅರ್ಥ ಬರೆದು ಬಿಡಬೇಡಿ. ಅನಲೈಜ್, ಅನಾಲಿಸಿಸ್, ಅನಲಿಟಿಕಲ್ ಎಂದು ಕುಟುಂಬವನ್ನು ಒಟ್ಟಿಗೆ ಬರೆಯಿರಿ, ಜೊತೆಗೆ ಆ ಪದ ಯಾರ ಸಂಗಡ ಬರುತ್ತದೆಂಬುದನ್ನೂ. ಸ್ಟಡಿಯನ್ನು ‘ಕಂಡಕ್ಟ್’ ಮಾಡುತ್ತಾರೆ, ಕನ್‌ಕ್ಲೂಷನ್ ಅನ್ನು ‘ಡ್ರಾ’ ಮಾಡುತ್ತಾರೆ.

ಬರವಣಿಗೆಗೆ ಹೆಚ್ಚು ಸಮಯ ಕೊಡಬೇಕು. ಸಂಶೋಧನಾ ಲೇಖನದ ಪೀಠಿಕೆಗಳು ಹೆಚ್ಚಾಗಿ ಮೂರು ನಡೆಗಳಲ್ಲಿ ಸಾಗುತ್ತವೆ ಎಂದು ಜಾನ್ ಸ್ವೇಲ್ಸ್ 1990ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ: ಈ ವಿಷಯ ಏಕೆ ಮುಖ್ಯ, ಇದರಲ್ಲಿ ಯಾವುದು ಇನ್ನೂ ತಿಳಿದಿಲ್ಲ, ಈ ಲೇಖನ ಏನು ಮಾಡುತ್ತದೆ. ನೌಬಾದಿನ ಸುರಂಗ ಬಾವಿಯ ಮೇಲೆ ಬರೆಯುವವರು ಮೊದಲು ಕರೇಜ್ ಎಂಬ ನೀರಿನ ವ್ಯವಸ್ಥೆ ಏನೆಂದು ಹೇಳಿ, ಹಿಂದಿನವರು ಬರೆದದ್ದನ್ನು ನೋಡಿ ಉಳಿದ ಪ್ರಶ್ನೆಯನ್ನು ತೋರಿಸಿ, ತಾವು ಕೈಗೆತ್ತಿಕೊಂಡ ಭಾಗವನ್ನು ಹೇಳಬೇಕು. ಈ ಮೂರನ್ನೂ ಮೊದಲು ಕನ್ನಡದಲ್ಲಿ ಮೂರು ವಾಕ್ಯವಾಗಿ ಬರೆದು ನೋಡಿ. ಕನ್ನಡದಲ್ಲಿ ಬರದಿದ್ದರೆ ತೊಡಕು ಇಂಗ್ಲಿಷಿನದಲ್ಲ, ವಿಷಯವೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಇಂಗ್ಲಿಷಿಗೆ ತರುವಾಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಅಕಾಡೆಮಿಕ್ ಫ್ರೇಜ್‌ಬ್ಯಾಂಕ್’ ತಾಣ ನೋಡಿ. ಹಿಂದಿನ ಅಧ್ಯಯನವನ್ನು ಹೇಳಲು, ಒಪ್ಪಲು, ಅಲ್ಲಗಳೆಯಲು ಎಲ್ಲರೂ ಬಳಸುವ ವಾಕ್ಯದ ಮಾದರಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಅವು ಯಾರ ಸ್ವತ್ತೂ ಅಲ್ಲ, ಬಳಸಿದರೆ ಕೃತಿಚೌರ್ಯವಾಗುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ, ಹೇಳಿಕೆಯ ತೂಕ. ಇಪ್ಪತ್ತು ಹಸುಗಳನ್ನು ನೋಡಿದವರು ‘ಪ್ರೂವ್ಸ್’ ಎಂದು ಬರೆಯಬಾರದು, ‘ಸಜೆಸ್ಟ್ಸ್’ ಎಂದೋ ‘ಮೇ ಇಂಡಿಕೇಟ್’ ಎಂದೋ ಬರೆಯಬೇಕು. ಇದು ಅಂಜಿಕೆಯಲ್ಲ, ಪ್ರಾಮಾಣಿಕತೆ. ಪುರಾವೆ ಎಷ್ಟಿದೆಯೋ ಮಾತೂ ಅಷ್ಟೇ ಇರಬೇಕು.

ಬೇರೆಯವರ ವಾಕ್ಯವನ್ನು ಎತ್ತಿ ಹಾಕುವುದು ಮೋಸದಿಂದಲೇ ಎಂದೇನಿಲ್ಲ, ನನ್ನ ಇಂಗ್ಲಿಷ್ ಚೆನ್ನಾಗಿಲ್ಲ ಎಂಬ ಭಯದಿಂದಲೂ ಆಗುತ್ತದೆ. ಆದರೆ ನಿಯಮ ಭಯವನ್ನು ಪರಿಗಣಿಸುವುದಿಲ್ಲ. ಯುಜಿಸಿಯ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಆದ್ದರಿಂದ ಮೂಲವನ್ನು ಓದಿ, ಪುಸ್ತಕ ಮುಚ್ಚಿ, ಸಾರವನ್ನು ಕನ್ನಡದಲ್ಲಿ ಬರೆದು, ಆ ಕನ್ನಡದಿಂದ ಇಂಗ್ಲಿಷಿಗೆ ತನ್ನಿ, ಮೂಲ ಲೇಖಕರ ಹೆಸರು ಮತ್ತು ವರ್ಷ ಹಾಕಿ. ಎರಡು ಭಾಷೆ ಬಲ್ಲವರಿಗೆ ಇದು ದೊಡ್ಡ ಅನುಕೂಲ: ನಡುವೆ ಕನ್ನಡ ಬಂದರೆ ಮೂಲದ ವಾಕ್ಯ ತಾನಾಗಿ ಕಳಚಿಕೊಳ್ಳುತ್ತದೆ.

ಈಗ ಮೊಬೈಲಿನಲ್ಲೇ ಅನುವಾದವಾಗುತ್ತದೆ, ಕೃತಕ ಬುದ್ಧಿಮತ್ತೆ ಪುಟಗಟ್ಟಲೆ ಬರೆದುಕೊಡುತ್ತದೆ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಓದುವಾಗ ಅಡ್ಡಬಂದ ವಾಕ್ಯಕ್ಕೆ ಆ ಸಾಧನ ಬಳಸಿ, ಅಭ್ಯಂತರವಿಲ್ಲ. ಬರೆಯುವಾಗ ಮೊದಲ ಕರಡು ನಿಮ್ಮದೇ ಇರಲಿ, ಆಮೇಲೆ ತಿದ್ದಿಸಿ, ಏನು ಬದಲಾಯಿತೆಂದು ಸಾಲುಸಾಲಾಗಿ ಹೋಲಿಸಿ ನೋಡಿ. ಮೊದಲೇ ಅದಕ್ಕೆ ಒಪ್ಪಿಸಿದರೆ ಅದು ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವ ಶಕ್ತಿಯೂ ಬೆಳೆಯುವುದಿಲ್ಲ, ಮೌಖಿಕ ಪರೀಕ್ಷೆಯಲ್ಲಿ ಎದುರು ಕುಳಿತವರು ಕೇಳುವುದು ನಿಮ್ಮನ್ನೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕನ್ನಡದ ಮಕ್ಕಳ ಮೇಲೆ ಈ ಹೊರೆ ಏಕೆ, ಉನ್ನತ ಶಿಕ್ಷಣವೇ ಕನ್ನಡಕ್ಕೆ ಬರಲಿ. ಈ ಮಾತಿಗೆ ಬೆಲೆಯಿದೆ, ಈ ನೆಲದಲ್ಲಿ ಅದಕ್ಕೆ ಪೂರ್ವನಿದರ್ಶನವೂ ಇದೆ. ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನ ಮತ್ತು ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು, ಅದಕ್ಕೆಂದೇ ಅನುವಾದ ಸಂಸ್ಥೆಯೊಂದು ಇತ್ತು. ಅದೇ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಉರ್ದು ಫಲಕದ ಹಿಂದೆ ಕನ್ನಡ ಶಾಲೆ ನಡೆಸಿದರು. 2021ರಲ್ಲಿ ಎಂಜಿನಿಯರಿಂಗನ್ನು ಭಾರತೀಯ ಭಾಷೆಗಳಲ್ಲಿ ಕಲಿಸಲು ಅನುಮತಿ ಸಿಕ್ಕಾಗ ಕನ್ನಡಕ್ಕೆ ಮುಂದೆ ಬಂದ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯೂ ಒಂದು. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಈ ದಾರಿಗಳೆಲ್ಲ ಅಗಲವಾಗಲಿ. ಆದರೆ ಕನ್ನಡದಲ್ಲಿ ವಿಜ್ಞಾನ, ಅರ್ಥಶಾಸ್ತ್ರ ಬರೆಯುವವರು ಬೇಕೆಂದರೆ ಇಂಗ್ಲಿಷಿನಲ್ಲಿರುವುದನ್ನು ಓದಿ ತೂಗಬಲ್ಲವರು ಬೇಕು. ಉಸ್ಮಾನಿಯಾದ ಅನುವಾದಕರು ಎರಡು ಭಾಷೆ ಬಲ್ಲವರಾಗಿದ್ದರಿಂದಲೇ ಆ ಕೆಲಸ ಆಯಿತು. ಕನ್ನಡದ ಹಕ್ಕು ಕೇಳುವುದು ಮತ್ತು ಇಂಗ್ಲಿಷ್ ಓದು ಕಲಿಯುವುದು ಒಂದನ್ನೊಂದು ಅಡ್ಡಗಟ್ಟುವುದಿಲ್ಲ.

ತಡವಾಗಿದೆ ಎಂಬ ಚಿಂತೆ ಕೊನೆಯದು. ಕಮಿನ್ಸ್ ಹೇಳಿದ ವರ್ಷಗಳು ಮಕ್ಕಳವು, ಎಲ್ಲ ವಿಷಯಗಳವು. ನೀವು ಹಿಡಿಯಬೇಕಾದದ್ದು ಒಂದೇ ವಿಷಯ. ದಿನಕ್ಕೆ ಅರ್ಧ ಗಂಟೆ ಓದು, ವಾರಕ್ಕೊಂದು ಪ್ಯಾರಾ ಬರವಣಿಗೆ ಎಂದು ಮೊದಲ ಸೆಮಿಸ್ಟರಿನಿಂದ ಹಿಡಿದರೆ ಪದವಿ ಮುಗಿಯುವ ಹೊತ್ತಿಗೆ ಗುಣ ಕಾಣುತ್ತದೆ, ಮೂರು ತಿಂಗಳಲ್ಲಿ ಅಲ್ಲ. ಇದರಲ್ಲಿ ಕಾಲೇಜುಗಳ ಪಾಲೂ ಇದೆ. ವಿದ್ಯಾರ್ಥಿ ಬರೆದ ಪ್ಯಾರಾವನ್ನು ತಿದ್ದಿ ಹಿಂದಿರುಗಿಸುವವರು ಇಲ್ಲದೆ ಬರವಣಿಗೆ ಮೇಲೇಳುವುದಿಲ್ಲ, ಆ ಕೆಲಸ ಇಂಗ್ಲಿಷ್ ಅಧ್ಯಾಪಕರೊಬ್ಬರದೇ ಅಲ್ಲ. ಬೀದರ್ ವಿಶ್ವವಿದ್ಯಾಲಯ 2023ರಲ್ಲಿ ಶುರುವಾದ ಹೊಸ ಸಂಸ್ಥೆ. ಅದರ ಪ್ರತಿ ವಿಭಾಗವೂ ವೇಳಾಪಟ್ಟಿಯಲ್ಲಿ ವಾರಕ್ಕೊಂದು ತಾಸನ್ನು ಲೇಖನ ಓದಲು ಮತ್ತು ಪ್ಯಾರಾ ತಿದ್ದಲು ಮೀಸಲಿಡಬೇಕು. ವಿದ್ಯಾರ್ಥಿಗಳು ಅದನ್ನು ಕೇಳಿ ಪಡೆಯಬೇಕು.